ಅಲ್ಜೀರಿಯದ ಹತ್ತೊಂಬತ್ತು ಹುತಾತ್ಮರು ಮತ್ತು ಭಯೋತ್ಪಾದನೆಯ ಪ್ರಶ್ನೆ

(ಮೇ 8: ಅಲ್ಜೀರಿಯದ ಧನ್ಯ ಹುತಾತ್ಮರ ಸ್ಮರಣೆ)



ಪಾಸ್ಖ ಕಾಲದಲ್ಲಿ ಪ್ರತಿವರ್ಷ ನಾವು ಒಳ್ಳೆಯ ಕುರಿಗಾಹಿಯ ಶುಭಸಂದೇಶವನ್ನು ಆಲಿಸುತ್ತೇವೆ. ತೋಳ ಬರುವುದನ್ನು ಕಂಡು ಕೂಲಿಯಾಳು ಓಡಿಹೋಗುತ್ತಾನೆ, ಕುರಿಗಾಹಿ ಓಡುವುದಿಲ್ಲ. ಈ ಸಾಮತಿಯಲ್ಲಿ ಯೇಸುಸ್ವಾಮಿ ತೋಳವನ್ನು ತೋಳವೆಂದೇ ಕರೆದರು. ಅಪಾಯವೇ ಇಲ್ಲವೆಂದು ಶಿಷ್ಯರನ್ನು ಸಮಾಧಾನಪಡಿಸಲಿಲ್ಲ. ಆದರೆ ಅದೇ ಮಾತಿನ ಓಘದಲ್ಲಿ, ಈ ಹಟ್ಟಿಗೆ ಸೇರದ ಬೇರೆ ಕುರಿಗಳೂ ತಮಗಿವೆ ಎಂದು ಅವರು ಹೇಳಿದರು. ಹಟ್ಟಿಯ ಹೊರಗಿರುವುದೆಲ್ಲ ತೋಳವಲ್ಲ. ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿದುಕೊಳ್ಳುವುದು ಎಷ್ಟು ಕಷ್ಟವೆಂಬುದು ನಮ್ಮ ಕಾಲಕ್ಕೆ ಚೆನ್ನಾಗಿ ಗೊತ್ತು.

2019ರ ಏಪ್ರಿಲ್ 21ರಂದು, ಪಾಸ್ಖ ಹಬ್ಬದ ಭಾನುವಾರ, ಶ್ರೀಲಂಕಾದ ದೇವಾಲಯಗಳಲ್ಲೂ ಹೋಟೆಲುಗಳಲ್ಲೂ ಆತ್ಮಾಹುತಿ ಬಾಂಬುಗಳು ಸಿಡಿದು 260ಕ್ಕೂ ಹೆಚ್ಚು ಜನ ಸತ್ತರು. ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಕೇಳಿದ ಪ್ರಶ್ನೆ ನಮ್ಮ ಮನಸ್ಸಿನಿಂದ ಇನ್ನೂ ಮಾಸಿಲ್ಲ: “ಫಾದರ್, ಕೊಂದವರು ಯಾರೆಂದು ಎಲ್ಲರಿಗೂ ಗೊತ್ತು. ನೀವು ಮಾತ್ರ ಪ್ರಬೋಧನೆಯಲ್ಲಿ ‘ದುಷ್ಟಶಕ್ತಿಗಳು’ ಅಂದಿರಿ. ಹೆಸರು ಹೇಳಲು ಹೆದರಿಕೆಯೇ?” ಪಕ್ಕದಲ್ಲಿದ್ದ ಹಿರಿಯರೊಬ್ಬರು ಅವನನ್ನು ತಡೆದು, “ಭಯೋತ್ಪಾದನೆಗೆ ಧರ್ಮವಿಲ್ಲಪ್ಪಾ” ಎಂದರು. ಯುವಕನಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಆಗಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನಮಗೆ ದಾರಿ ತೋರಿಸಿದವರು, ಸಂತ ಅಗಸ್ಟೀನರು ಹುಟ್ಟಿ ಸೇವೆ ಮಾಡಿದ ಅದೇ ಉತ್ತರ ಆಫ್ರಿಕಾದ ಮಣ್ಣಿನಲ್ಲಿ 1994ರಿಂದ 1996ರವರೆಗೆ ಪ್ರಾಣಕೊಟ್ಟ ಹತ್ತೊಂಬತ್ತು ಮಂದಿ ಗುರುಗಳು, ಸಹೋದರರು ಮತ್ತು ಧಾರ್ಮಿಕ ಸೋದರಿಯರು.

ಒಂದು ಪದದ ಚರಿತ್ರೆ

ಮೊದಲು ‘ಭಯೋತ್ಪಾದನೆ’ ಎಂಬ ಪದವನ್ನೇ ನೋಡೋಣ. ಯೂರೋಪಿನಲ್ಲಿ ಈ ಪದ ರಾಜಕೀಯ ಅರ್ಥ ಪಡೆದದ್ದು 1793-94ರ ಫ್ರಾನ್ಸ್ ಕ್ರಾಂತಿಯ ‘ಭೀತಿಯ ಆಳ್ವಿಕೆ’ಯಲ್ಲಿ. ಅಂದು ಭಯ ಹುಟ್ಟಿಸಿದ್ದು ಸರ್ಕಾರವೇ. 1794ರ ಜುಲೈ 17ರಂದು ಪ್ಯಾರಿಸ್ಸಿನಲ್ಲಿ ತಲೆ ಕಡಿಸಿಕೊಂಡವರಲ್ಲಿ ಕೊಂಪಿಯೆಞ್‌ನ ಹದಿನಾರು ಕಾರ್ಮೆಲ್ ಸೋದರಿಯರಿದ್ದರು. ಅಂದರೆ ಈ ಪದದ ಹುಟ್ಟಿನ ಸಮಯದಲ್ಲೇ ನಮ್ಮವರ ರಕ್ತವಿದೆ, ಮತ್ತು ಅದನ್ನು ಹರಿಸಿದವರು ದೇವರ ಹೆಸರನ್ನು ಹೇಳಿದವರಲ್ಲ.

1934ರಲ್ಲಿ ಯುಗೊಸ್ಲಾವಿಯದ ದೊರೆ ಅಲೆಕ್ಸಾಂಡರ್ ಮಾರ್ಸೇಲ್ಸ್ ನಗರದಲ್ಲಿ ಕೊಲೆಯಾದ ಮೇಲೆ ರಾಷ್ಟ್ರಸಂಘವು 1937ರಲ್ಲಿ ಭಯೋತ್ಪಾದನೆಯ ವಿರುದ್ಧ ಒಂದು ಒಡಂಬಡಿಕೆಯನ್ನು ಸಿದ್ಧಪಡಿಸಿತು. ಅದನ್ನು ಸ್ಥಿರೀಕರಿಸಿದ್ದು ಒಂದೇ ಒಂದು ದೇಶ, ಅಂದಿನ ಬ್ರಿಟಿಷ್ ಇಂಡಿಯಾ. ಹೀಗಾಗಿ ಅದು ಜಾರಿಗೆ ಬರಲೇ ಇಲ್ಲ. 1996ರಲ್ಲಿ ಸ್ವತಂತ್ರ ಭಾರತ ವಿಶ್ವಸಂಸ್ಥೆಯ ಮುಂದೆ ಸಮಗ್ರ ಒಡಂಬಡಿಕೆಯ ಕರಡನ್ನು ಇಟ್ಟಿತು. ಅದೂ ಚರ್ಚೆಯಲ್ಲೇ ಸಿಕ್ಕಿಕೊಂಡಿತು. ಪರದಾಸ್ಯದ ವಿರುದ್ಧ ಹೋರಾಡುವವನು ಭಯೋತ್ಪಾದಕನೇ? ನಾಗರಿಕರ ಮೇಲೆ ಬಾಂಬು ಹಾಕುವ ಸೈನ್ಯವನ್ನು ಏನೆಂದು ಕರೆಯಬೇಕು? ಈ ಎರಡು ಪ್ರಶ್ನೆಗಳ ಬಳಿ ದೇಶಗಳು ಬೇರೆ ಬೇರೆ ದಾರಿ ಹಿಡಿದವು. ಆದರೂ 2004ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿಯೊಂದು ನೀಡಿದ ವಿವರಣೆ ಸಾಮಾನ್ಯ ಜನರಿಗೂ ಅರ್ಥವಾಗುವಂತಿದೆ. ಜನರನ್ನು ಹೆದರಿಸುವುದಕ್ಕಾಗಲಿ ಸರ್ಕಾರವನ್ನು ಬಗ್ಗಿಸುವುದಕ್ಕಾಗಲಿ, ಯುದ್ಧದಲ್ಲಿ ಪಾಲ್ಗೊಳ್ಳದವರನ್ನು ಉದ್ದೇಶಪೂರ್ವಕವಾಗಿ ಕೊಲ್ಲುವುದು ಇಲ್ಲವೇ ಗಾಯಗೊಳಿಸುವುದು ಭಯೋತ್ಪಾದನೆ.

ಈ ವಿವರಣೆ ಕೃತ್ಯವನ್ನು ನೋಡುತ್ತದೆ, ಮಾಡಿದವನ ಜಾತಿ-ಮತವನ್ನು ನೋಡುವುದಿಲ್ಲ. ಅದು ಸರಿಯೇ. ಆದರೆ ಅಷ್ಟರಿಂದ ನಮ್ಮ ಯುವಕನ ಪ್ರಶ್ನೆ ಮುಗಿಯುವುದಿಲ್ಲ. ಕೊಲ್ಲುವವನು ದೇವರ ಹೆಸರಿನಲ್ಲಿ, ಧರ್ಮಗ್ರಂಥದ ಮಾತು ಹೇಳಿಕೊಂಡು ಕೊಂದಾಗ, ಅದಕ್ಕೂ ಧರ್ಮಕ್ಕೂ ಸಂಬಂಧವೇ ಇಲ್ಲವೆನ್ನಲು ಬರುತ್ತದೆಯೇ? ಅಲ್ಜೀರಿಯದ ಕಥೆ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಬಿಡುವುದಿಲ್ಲ.

ಅಲ್ಜೀರಿಯದಲ್ಲಿ ನಡೆದದ್ದು

1830ರಿಂದ 1962ರವರೆಗೆ ಅಲ್ಜೀರಿಯ ಫ್ರೆಂಚರ ಕೈಯಲ್ಲಿತ್ತು. ಎಂಟು ವರ್ಷಗಳ ಘೋರ ಯುದ್ಧದ ನಂತರ ಸ್ವಾತಂತ್ರ್ಯ ಬಂತು. ಅನಂತರ ಒಂದೇ ಪಕ್ಷದ ಆಡಳಿತ, ನಿರುದ್ಯೋಗ, ಲಂಚಗುಳಿತನ. 1988ರ ಅಕ್ಟೋಬರ್‌ನಲ್ಲಿ ಯುವಜನ ಬೀದಿಗಿಳಿದರು. ಸೈನ್ಯ ಗುಂಡು ಹಾರಿಸಿತು. ಬಹುಪಕ್ಷಗಳಿಗೆ ಅವಕಾಶ ದೊರೆತಾಗ, 1991ರ ಡಿಸೆಂಬರ್ 26ರ ಮೊದಲ ಸುತ್ತಿನ ಚುನಾವಣೆಯಲ್ಲಿ ಇಸ್ಲಾಮಿಕ್ ರಕ್ಷಣಾ ರಂಗವು ಭಾರೀ ಮುನ್ನಡೆ ಪಡೆಯಿತು. 1992ರ ಜನವರಿಯಲ್ಲಿ ಸೈನ್ಯವು ಚುನಾವಣೆಯನ್ನೇ ರದ್ದುಪಡಿಸಿತು, ಆ ಪಕ್ಷವನ್ನು ನಿಷೇಧಿಸಲಾಯಿತು, ಸಾವಿರಾರು ಮಂದಿಯನ್ನು ಬಂಧಿಸಲಾಯಿತು. ಆ ಸಿಟ್ಟಿನಿಂದಲೂ, ಅಫ್ಘಾನಿಸ್ತಾನದ ಯುದ್ಧದಿಂದ ಮರಳಿ ಬಂದವರ ಅನುಭವದಿಂದಲೂ ಸಶಸ್ತ್ರ ಗುಂಪುಗಳು ಹುಟ್ಟಿಕೊಂಡವು. ಅವುಗಳಲ್ಲಿ ಅತಿ ಕ್ರೂರವಾದದ್ದು ‘ಜಿಐಎ’ ಎಂದು ಕರೆಯಲಾದ ಸಶಸ್ತ್ರ ಇಸ್ಲಾಮಿಕ್ ಗುಂಪು.

ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿ ನೋಡಬೇಕು. ಅನ್ಯಾಯ ನಡೆದಿತ್ತು, ಅದು ನಿಜ. ಆದರೆ ಅನ್ಯಾಯಕ್ಕೊಳಗಾದವರೆಲ್ಲ ಕೊಲೆಗಾರರಾಗಲಿಲ್ಲ. ಕೊಲೆಗೆ ಒಂದು ಸಿದ್ಧಾಂತವೂ ಬೇಕಾಯಿತು. ಅದರ ತಿರುಳು ‘ತಕ್ಫೀರ್’, ಎಂದರೆ ಮುಸಲ್ಮಾನನನ್ನೇ ಧರ್ಮಭ್ರಷ್ಟನೆಂದು ಘೋಷಿಸಿ ಅವನ ರಕ್ತ ಹರಿಸುವುದು ಸರಿಯೆನ್ನುವುದು. ಇದು ಹೊಸದಲ್ಲ. 661ರಲ್ಲಿ ಪ್ರವಾದಿ ಮುಹಮ್ಮದರ ಅಳಿಯ, ನಾಲ್ಕನೆಯ ಖಲೀಫ ಅಲಿಯವರನ್ನು ಕೊಂದವನು ‘ಖಾರಿಜಿ’ ಪಂಗಡದವನು. ತಮ್ಮನ್ನು ಒಪ್ಪದವರು ಮುಸಲ್ಮಾನರೇ ಅಲ್ಲವೆಂಬುದು ಆ ಪಂಗಡದ ವಾದ. ಬಹುಪಾಲು ಮುಸ್ಲಿಂ ವಿದ್ವಾಂಸರು ಶತಮಾನಗಳಿಂದ ಆ ವಾದವನ್ನು ತಿರಸ್ಕರಿಸುತ್ತಲೇ ಬಂದಿದ್ದಾರೆ. ಇಪ್ಪತ್ತನೆಯ ಶತಮಾನದಲ್ಲಿ ಅದು ಹೊಸ ವೇಷದಲ್ಲಿ ತಲೆಯೆತ್ತಿತು.

ಆದ್ದರಿಂದಲೇ ಅಲ್ಜೀರಿಯದಲ್ಲಿ ಸತ್ತವರಲ್ಲಿ ಬಹುತೇಕರು ಮುಸಲ್ಮಾನರು. ಒಂದರಿಂದ ಎರಡು ಲಕ್ಷ ಮಂದಿ ಬಲಿಯಾದರೆಂಬ ಅಂದಾಜುಗಳಿವೆ. ಪತ್ರಕರ್ತರು, ಶಿಕ್ಷಕಿಯರು, ಹಾಡುಗಾರರು, ಹಳ್ಳಿಯ ರೈತರು ಸತ್ತರು. ಹತರಾದವರಲ್ಲಿ 114 ಮಂದಿ ಇಮಾಮರೂ ಇದ್ದರು. ಹಿಂಸೆಯನ್ನು ಸಮರ್ಥಿಸಲು ಒಪ್ಪದಿದ್ದುದೇ ಅವರ ತಪ್ಪು. ಸರ್ಕಾರದ ಪಡೆಗಳು ಎತ್ತಿಕೊಂಡು ಹೋದ ಸಾವಿರಾರು ಜನ ಮರಳಿ ಬರಲೇ ಇಲ್ಲ ಎಂಬುದನ್ನೂ ಇಲ್ಲಿ ಮರೆಯಬಾರದು.

ಓಡಿಹೋಗದ ಕುರಿಗಾಹಿಗಳು

ವಿದೇಶಿಯರೆಲ್ಲ 1993ರ ನವೆಂಬರ್ ಅಂತ್ಯದೊಳಗೆ ದೇಶ ಬಿಡಬೇಕೆಂದು ಜಿಐಎ ಗಡುವು ವಿಧಿಸಿತು. ಧರ್ಮಸಭೆಯ ಸೇವಕರಲ್ಲಿ ಕೆಲವರು ಹೋದರು, ಹೋದದ್ದು ಪಾಪವಲ್ಲ. ಹಲವರು ಉಳಿದರು. 1994ರ ಮೇ 8ರಂದು ಅಲ್ಜಿಯರ್ಸ್ ನಗರದ ಹಳೆಯ ಬಡಾವಣೆಯಲ್ಲಿ, ಬಡ ವಿದ್ಯಾರ್ಥಿಗಳಿಗಾಗಿ ನಡೆಸುತ್ತಿದ್ದ ಗ್ರಂಥಾಲಯದಲ್ಲಿ ಮಾರಿಸ್ಟ್ ಸಹೋದರ ಆನ್ರಿ ವೆರ್ಜೆಸ್ ಮತ್ತು ಸೋದರಿ ಪಾಲ್-ಎಲೆನ್ ಹತರಾದರು. ಇವರೇ ಹತ್ತೊಂಬತ್ತು ಮಂದಿಯಲ್ಲಿ ಮೊದಲಿಗರು. ಅವರ ಮರಣದ ದಿನವೇ ಈಗ ಎಲ್ಲರ ಸ್ಮರಣೆಯ ದಿನ. ಅದೇ ವರ್ಷ ಅಕ್ಟೋಬರ್ 23ರ ಮಿಷನ್ ಭಾನುವಾರದಂದು, ಸಂತ ಅಗಸ್ಟೀನರ ಸಭೆಯ ಇಬ್ಬರು ಸ್ಪೇನಿನ ಸೋದರಿಯರು ಬಲಿಪೂಜೆಗೆ ಹೋಗುವ ದಾರಿಯಲ್ಲಿ ಗುಂಡಿಗೆ ಬಲಿಯಾದರು. (2025ರ ಮೇ 8ರಂದು, ಈ ಹುತಾತ್ಮರ ಸ್ಮರಣೆಯ ದಿನವೇ, ಅಗಸ್ಟೀನರ ಸಭೆಗೆ ಸೇರಿದ ಹದಿನಾಲ್ಕನೆಯ ಲಿಯೋ ಅವರು ಜಗದ್ಗುರುಗಳಾಗಿ ಆಯ್ಕೆಯಾದದ್ದನ್ನು ನಾವು ನೆನೆಯಬಹುದು.) ಡಿಸೆಂಬರ್ 27ರಂದು ತಿಜಿ ಉಜು ಎಂಬಲ್ಲಿ ನಾಲ್ವರು ಶ್ವೇತ ಪಾದ್ರಿಗಳು ತಮ್ಮ ಮನೆಯ ಅಂಗಳದಲ್ಲೇ ಹತರಾದರು.

ಅಟ್ಲಾಸ್ ಬೆಟ್ಟಗಳ ತಿಭಿರಿನ್ ಎಂಬ ಊರಿನಲ್ಲಿ ಟ್ರಾಪಿಸ್ಟ್ ಸನ್ಯಾಸಿಗಳ ಬಡ ಮಠವೊಂದಿತ್ತು. ಊರಿನ ಹೆಸರಿಗೆ ಅಲ್ಲಿನ ಭಾಷೆಯಲ್ಲಿ ‘ತೋಟಗಳು’ ಎಂದು ಅರ್ಥ. ಸನ್ಯಾಸಿಗಳು ಹಳ್ಳಿಯವರೊಡನೆ ಸೇರಿ ತೋಟ ಮಾಡುತ್ತಿದ್ದರು. ಹಳ್ಳಿಗೆ ಮಸೀದಿ ಇಲ್ಲದಿದ್ದಾಗ ನಮಾಜಿಗೆಂದು ಮಠದ ಕೋಣೆಯೊಂದನ್ನೇ ಬಿಟ್ಟುಕೊಟ್ಟಿದ್ದರು. ವೈದ್ಯರಾಗಿದ್ದ ಸಹೋದರ ಲೂಕ್ ಸುಮಾರು ಐವತ್ತು ವರ್ಷ ಅಲ್ಲಿ ಹಳ್ಳಿಗರಿಗೆ ಮದ್ದು ಕೊಟ್ಟರು. ಗಾಯಗೊಂಡವನು ಯಾವ ಕಡೆಯವನೆಂದು ಅವರು ಕೇಳುತ್ತಿರಲಿಲ್ಲ.

1993ರ ಡಿಸೆಂಬರ್ 14ರಂದು ಮಠದ ಸಮೀಪದಲ್ಲೇ ಕ್ರೊಯೇಷಿಯದ ಹನ್ನೆರಡು ಮಂದಿ ಕಾರ್ಮಿಕರ ಕತ್ತು ಸೀಳಲಾಯಿತು. ಹತ್ತು ದಿನಗಳ ಬಳಿಕ, ಕ್ರಿಸ್ತಜಯಂತಿಯ ಹಿಂದಿನ ರಾತ್ರಿ, ಅದೇ ಗುಂಪಿನವರು ಬಂದೂಕು ಹಿಡಿದು ಮಠದ ಬಾಗಿಲಿಗೆ ಬಂದರು. ವೈದ್ಯರನ್ನು ತಮ್ಮೊಡನೆ ಕಳುಹಿಸಬೇಕು, ಔಷಧಿ ಕೊಡಬೇಕು, ಹಣ ಕೊಡಬೇಕು ಎಂದರು. ಮಠದ ಮುಖ್ಯಸ್ಥ ಫಾದರ್ ಕ್ರಿಸ್ತಿಯಾನ್ ದೆ ಶೆರ್ಜೆ ಒಂದನ್ನೂ ಒಪ್ಪಲಿಲ್ಲ. ವೈದ್ಯರು ಮುದುಕರು, ರೋಗಿಗಳು ಬಂದರೆ ಇಲ್ಲೇ ನೋಡುತ್ತಾರೆ; ನಮ್ಮ ಬಳಿ ಹಣವಿಲ್ಲ; ಈ ರಾತ್ರಿ ಶಾಂತಿಯ ಅರಸನ ಜನನವನ್ನು ಕೊಂಡಾಡಲು ಸಿದ್ಧರಾಗುತ್ತಿದ್ದೇವೆ ಎಂದು ತಿಳಿಸಿದರು. ಗುಂಪಿನ ನಾಯಕ ಕ್ಷಮೆ ಕೇಳಿ ಹೊರಟುಹೋದ. ಕೊಲೆಗಾರನೆಂದು ತಿಳಿದಿದ್ದ ಆ ಮನುಷ್ಯನಿಗಾಗಿ ಹೇಗೆ ಪ್ರಾರ್ಥಿಸಬೇಕೆಂದು ಫಾದರ್ ಕ್ರಿಸ್ತಿಯಾನ್ ಅನಂತರ ಚಿಂತಿಸಿದರು. ಅವನನ್ನು ಕೊಲ್ಲು ಎಂದು ದೇವರನ್ನು ಕೇಳಲಾಗದು. ಅವನ ಕೈಯ ಆಯುಧ ತೆಗೆ ಎನ್ನಬಹುದು. ಆದರೆ ಅದಕ್ಕೆ ಮೊದಲು, ನನ್ನೊಳಗಿನ ಆಯುಧವನ್ನು ತೆಗೆ ಎನ್ನಬೇಕು.

ಈ ಮಾತಿನ ಹಿಂದೆ ಹಳೆಯ ಋಣವೊಂದಿತ್ತು. 1959ರಲ್ಲಿ ಅವರು ಫ್ರೆಂಚ್ ಸೈನ್ಯದ ಯುವ ಅಧಿಕಾರಿಯಾಗಿ ಅಲ್ಜೀರಿಯದಲ್ಲಿದ್ದಾಗ, ಮೊಹಮ್ಮದ್ ಎಂಬ ಹಳ್ಳಿಯ ಕಾವಲುಗಾರ ಅವರ ಪ್ರಾಣ ಕಾಪಾಡಿದ. ಮಾರನೆಯ ದಿನ ಆ ಮನುಷ್ಯ ತನ್ನ ಬಾವಿಯ ಬಳಿ ಕೊಲೆಯಾಗಿ ಬಿದ್ದಿದ್ದ. ಹತ್ತು ಮಕ್ಕಳ ತಂದೆ ಅವನು. ತನಗಾಗಿ ಪ್ರಾಣ ಕೊಟ್ಟ ಸ್ನೇಹಿತ ಮುಸಲ್ಮಾನನೆಂಬುದನ್ನು ಕ್ರಿಸ್ತಿಯಾನ್ ಸಾಯುವವರೆಗೂ ಮರೆಯಲಿಲ್ಲ.

1996ರ ಮಾರ್ಚ್ 26-27ರ ರಾತ್ರಿ ಏಳು ಮಂದಿ ಸನ್ಯಾಸಿಗಳನ್ನು ಅಪಹರಿಸಲಾಯಿತು. ಅವರನ್ನು ಮೇ 21ರಂದು ಕೊಂದುದಾಗಿ ಜಿಐಎ ಹೆಸರಿನಲ್ಲಿ ಪ್ರಕಟಣೆ ಬಂತು. ಮೇ 30ರಂದು ಅವರ ತಲೆಗಳು ಮಾತ್ರ ಸಿಕ್ಕವು. ಅವರು ನಿಖರವಾಗಿ ಯಾರ ಕೈಯಲ್ಲಿ, ಹೇಗೆ ಸತ್ತರೆಂಬುದು ಇಂದಿಗೂ ವಿವಾದದಲ್ಲಿದೆ. ಸೈನ್ಯದ ಪ್ರಮಾದದ ಮಾತನ್ನೂ 2009ರಲ್ಲಿ ಫ್ರೆಂಚ್ ನಿವೃತ್ತ ಸೇನಾಧಿಕಾರಿಯೊಬ್ಬರು ತನಿಖಾ ನ್ಯಾಯಾಧೀಶರ ಮುಂದೆ ಹೇಳಿದರು. ಹುತಾತ್ಮರನ್ನು ಗೌರವಿಸುವ ನಾವು ಸತ್ಯಕ್ಕಿಂತ ಮುಂದೆ ಓಡಬಾರದು.

ಆ ವರ್ಷದ ಪೆಂತೆಕೋಸ್ತ್ ಹಬ್ಬದಂದು, ಮೇ 26ರಂದು, ಫಾದರ್ ಕ್ರಿಸ್ತಿಯಾನ್ ಬರೆದಿಟ್ಟಿದ್ದ ಮರಣಶಾಸನವನ್ನು ಅವರ ಮನೆಯವರು ತೆರೆದರು. ತಾನು ಕೊಲೆಯಾದರೆ ಅದರ ದೋಷವನ್ನು ಅಲ್ಜೀರಿಯದ ಜನರೆಲ್ಲರ ಮೇಲೆ ಹೊರಿಸಬೇಡಿ ಎಂಬುದು ಅದರ ಸಾರ. ಉಗ್ರವಾದಿಗಳ ಸಿದ್ಧಾಂತವನ್ನೇ ಇಸ್ಲಾಂ ಎಂದುಕೊಂಡು ಸಮಾಧಾನಪಟ್ಟುಕೊಳ್ಳುವುದು ತೀರ ಸುಲಭವೆಂದು ಅವರು ಎಚ್ಚರಿಸಿದ್ದರು. ಕೊಲ್ಲಲು ಬರುವವನನ್ನೂ ಅವರು ಮುಂಚೆಯೇ ಕ್ಷಮಿಸಿದ್ದರು. ಆದರೆ ಅವರು ಕೊಲೆಯನ್ನು ಕೊಲೆಯಲ್ಲವೆನ್ನಲಿಲ್ಲ. ಅಂಥ ಮರಣವನ್ನು ತಾವು ಬಯಸುವುದಿಲ್ಲವೆಂದೂ, ತಾವು ಪ್ರೀತಿಸುವ ಈ ಜನ ತಮ್ಮ ಕೊಲೆಯ ಆರೋಪ ಹೊರುವುದು ಸಂತೋಷದ ವಿಷಯವಲ್ಲವೆಂದೂ ಸ್ಪಷ್ಟವಾಗಿ ಬರೆದಿದ್ದರು.

ಒಟ್ಟಾಗಿ ಹರಿದ ರಕ್ತ

ಓರಾನ್ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷ ಪಿಯೆರ್ ಕ್ಲಾವೆರಿಯವರ ದಾರಿ ಸ್ವಲ್ಪ ಬೇರೆ. ಅವರು 1938ರಲ್ಲಿ ಅಲ್ಜಿಯರ್ಸ್‌ನಲ್ಲೇ ಹುಟ್ಟಿದ ಫ್ರೆಂಚ್ ಸಂತತಿಯವರು. ಅರಬ್ ನೆರೆಯವರ ನಡುವೆ ಬೆಳೆದರೂ ಅವರನ್ನು ತಾನು ನೋಡಲೇ ಇಲ್ಲವೆಂದು, ತನ್ನ ಬಾಲ್ಯ ಗುಳ್ಳೆಯೊಳಗೆ ಕಳೆದುಹೋಯಿತೆಂದು ಮುಂದೆ ಅವರು ನೊಂದುಕೊಂಡರು. ಡೊಮಿನಿಕನ್ ಗುರುವಾಗಿ ಮರಳಿ ಬಂದು ಅರಬ್ಬೀ ಕಲಿತರು. ಹಿಂಸೆಯ ವಿರುದ್ಧ ಅವರು ಬಹಿರಂಗವಾಗಿ, ಮುಚ್ಚುಮರೆಯಿಲ್ಲದೆ ಮಾತಾಡಿದರು. ಮೌನವಾಗಿರುವಂತೆ ಹಿತೈಷಿಗಳು ಹೇಳಿದರೂ ಕೇಳಲಿಲ್ಲ. 1996ರ ಆಗಸ್ಟ್ 1ರ ರಾತ್ರಿ ಧರ್ಮಾಧ್ಯಕ್ಷರ ನಿವಾಸದಲ್ಲಿ ಬಾಂಬು ಸಿಡಿಯಿತು. ಅವರೊಂದಿಗೆ ಸತ್ತವರು ಅವರ ಚಾಲಕ ಮೊಹಮ್ಮದ್ ಬೂಷಿಖಿ, 21ರ ಹರೆಯದ ಮುಸ್ಲಿಂ ಯುವಕ. ಅಪಾಯ ತಿಳಿದಿದ್ದೂ ಅವರು ಧರ್ಮಾಧ್ಯಕ್ಷರ ಜೊತೆ ಬಿಡಲಿಲ್ಲ. ಇಬ್ಬರ ರಕ್ತವೂ ಒಂದೇ ನೆಲದ ಮೇಲೆ ಬೆರೆಯಿತು.

2018ರ ಡಿಸೆಂಬರ್ 8ರಂದು ಓರಾನ್‌ನಲ್ಲಿ ಈ ಹತ್ತೊಂಬತ್ತು ಮಂದಿಯನ್ನು ಧನ್ಯರೆಂದು ಘೋಷಿಸಿದಾಗ, ಅಲ್ಜೀರಿಯದ ಧರ್ಮಸಭೆ ತನ್ನವರನ್ನು ಮಾತ್ರ ನೆನೆಯಲಿಲ್ಲ. ಪ್ರಾಣ ತೆತ್ತ ಇಮಾಮರನ್ನೂ, ಹೆಸರಿಲ್ಲದ ಸಾವಿರಾರು ಮುಸಲ್ಮಾನರನ್ನೂ ಸ್ಮರಿಸಿತು.

ಎದುರಿಸುವುದು ಹೇಗೆ?

“ಇದೆಲ್ಲ ಸರಿ ಫಾದರ್, ಕ್ಷಮೆಯಿಂದ ಬಾಂಬು ನಿಲ್ಲುತ್ತದೆಯೇ?” ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಸನ್ಯಾಸಿಗಳ ಸಾಕ್ಷ್ಯ ಪೊಲೀಸರ ಕೆಲಸಕ್ಕೆ ಬದಲಿಯಲ್ಲ. ನಿರ್ದೋಷಿಗಳ ಪ್ರಾಣ ಕಾಯುವುದು ಆಳುವವರ ಹಕ್ಕು ಮಾತ್ರವಲ್ಲ, ಗಂಭೀರ ಕರ್ತವ್ಯವೆಂದು ಧರ್ಮಸಭೆಯ ಬೋಧನೆಯೇ ಹೇಳುತ್ತದೆ. ನ್ಯೂಯಾರ್ಕಿನ ದಾಳಿಯ ಬಳಿಕ, 2002ರ ಶಾಂತಿ ದಿನದ ಸಂದೇಶದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಭಯೋತ್ಪಾದನೆಯಿಂದ ರಕ್ಷಿಸಿಕೊಳ್ಳುವ ಹಕ್ಕನ್ನು ಒಪ್ಪಿದರು. ಆದರೆ ಅದಕ್ಕೆ ನೀತಿಯ ಮತ್ತು ಕಾನೂನಿನ ಮಿತಿಯಿದೆ, ಅಪರಾಧ ಮಾಡಿದವನದೇ ಹೊರತು ಅವನ ದೇಶದ್ದಾಗಲಿ ಧರ್ಮದ್ದಾಗಲಿ ಅಲ್ಲ ಎಂದೂ ಬೋಧಿಸಿದರು.

ಅಲ್ಜೀರಿಯದಲ್ಲಿ ಜಿಐಎ ಕುಸಿದದ್ದು ಹೇಗೆ? ಸೈನ್ಯದ ಬಲ ಒಂದು ಕಾರಣ. ಇನ್ನೊಂದು, ಜನರ ಅಸಹ್ಯ. 1997ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ರೈಸ್, ಬೆಂತಲ್ಹಾ ಊರುಗಳಲ್ಲಿ ಒಂದೊಂದು ರಾತ್ರಿಗೆ ನೂರಾರು ಮಂದಿ ಹೆಂಗಸರು ಮಕ್ಕಳನ್ನು ಕೊಚ್ಚಿಹಾಕಿದಾಗ, ಮೊದಲು ಅವರ ಮೇಲೆ ಅನುಕಂಪವಿದ್ದವರೂ ಮುಖ ತಿರುಗಿಸಿದರು. ಅವರದೇ ಸಂಗಡಿಗರು ಬೇರೆಯಾದರು. ಮೂರನೆಯದು, ಮರಳಿ ಬರುವವರಿಗೆ ತೆರೆದ ಬಾಗಿಲು. 1999ರಲ್ಲೂ 2005ರಲ್ಲೂ ಕ್ಷಮಾದಾನದ ಕಾನೂನುಗಳಿಗೆ ಜನಮತ ಪಡೆಯಲಾಯಿತು. ಸಾವಿರಾರು ಮಂದಿ ಆಯುಧ ಕೆಳಗಿಟ್ಟರು. ಈ ಬಾಗಿಲಿಗೆ ಒಂದು ಕೊರತೆಯಿತ್ತು. ಕಾಣೆಯಾದವರ ತಾಯಂದಿರಿಗೆ ಸತ್ಯ ಸಿಗಲಿಲ್ಲ. ಸತ್ಯವಿಲ್ಲದ ಕ್ಷಮೆ ಅರ್ಧ ಗಾಯಕ್ಕೆ ಕಟ್ಟಿದ ಪಟ್ಟಿ.

ಶ್ರೀಲಂಕಾದಲ್ಲಿ ತಪ್ಪಿದ್ದು ಮೊದಲ ಕರ್ತವ್ಯವೇ. ಭಾರತ ಮುನ್ಸೂಚನೆ ಕೊಟ್ಟಿತ್ತು. ದಾಳಿಯ ಮುಖಂಡನ ಬಗ್ಗೆ ಅವನ ಊರಿನ ಮುಸಲ್ಮಾನರೇ ವರ್ಷಗಳ ಹಿಂದೆ ದೂರಿದ್ದರು. ಅಧಿಕಾರಿಗಳು ಕಿವಿಗೊಡಲಿಲ್ಲ. 2023ರ ಜನವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಮಾಜಿ ಅಧ್ಯಕ್ಷರೇ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಕಾರ್ಡಿನಲ್ ಮಾಲ್ಕಮ್ ರಂಜಿತ್ ಅವರು ಮುಸಲ್ಮಾನರ ಮೇಲೆ ಕೈ ಎತ್ತಬೇಡಿರೆಂದು ತಮ್ಮ ಜನರನ್ನು ತಡೆದರು. ಅದೇ ಧ್ವನಿಯಲ್ಲಿ ಸರ್ಕಾರದಿಂದ ಸತ್ಯವನ್ನೂ ಕೇಳುತ್ತಾ ಬಂದರು. ಎರಡೂ ಕುರಿಗಾಹಿಯ ಕೆಲಸವೇ.

ನಮ್ಮ ನಾಡಿನ ನೆನಪು

ನಮಗೂ ಇಂಥ ಪಾಠ ಆಗಿದೆ. 2000ನೇ ಇಸವಿಯ ಜೂನ್-ಜುಲೈ ತಿಂಗಳಲ್ಲಿ ವಾಡಿ, ಹುಬ್ಬಳ್ಳಿ, ಬೆಂಗಳೂರುಗಳ ದೇವಾಲಯಗಳಲ್ಲಿ ಬಾಂಬುಗಳು ಸಿಡಿದಾಗ ನಮ್ಮಲ್ಲಿ ಅನೇಕರು ತನಿಖೆಗೆ ಮುಂಚೆಯೇ ಬೆರಳು ತೋರಿಸಿದ್ದರು. ಜುಲೈ 9ರ ರಾತ್ರಿ ಬೆಂಗಳೂರಿನಲ್ಲಿ ಬಾಂಬು ಸಾಗಿಸುತ್ತಿದ್ದ ವ್ಯಾನೊಂದು ತಾನೇ ಸಿಡಿದಾಗ, ದೀನದಾರ್ ಅಂಜುಮನ್ ಎಂಬ ಪಂಗಡದವರ ಕೈವಾಡ ಹೊರಬಿತ್ತು. ಮುಖ್ಯವಾಹಿನಿಯ ಮುಸಲ್ಮಾನರು ಆ ಪಂಗಡದ ಬೋಧನೆಯನ್ನು ಒಪ್ಪಿದವರೇ ಅಲ್ಲ. ಸಮುದಾಯಗಳನ್ನು ಒಂದರ ಮೇಲೊಂದು ಎತ್ತಿಕಟ್ಟುವುದೇ ಸಂಚಿನ ಗುರಿಯೆಂದು ತನಿಖೆ ಹೇಳಿತು. 2008ರಲ್ಲಿ ವಿಶೇಷ ನ್ಯಾಯಾಲಯ ಅಪರಾಧಿಗಳಿಗೆ ಶಿಕ್ಷೆ ವಿಧಿಸಿತು. ಅದೇ 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಆರಾಧನಾ ಮಠದ ಮೇಲೆ ದಾಳಿ ನಡೆದಾಗ ಕೈಗಳು ಬೇರೆಯವರದು. ಅದೇ ವರ್ಷ ನವೆಂಬರ್‌ನಲ್ಲಿ ಮುಂಬಯಿ ದಾಳಿ ನಡೆದ ಬಳಿಕ, ಸತ್ತ ಒಂಬತ್ತು ಭಯೋತ್ಪಾದಕರಿಗೆ ತಮ್ಮ ಖಬರಸ್ತಾನದಲ್ಲಿ ಜಾಗವಿಲ್ಲವೆಂದು ಆ ನಗರದ ಮುಸಲ್ಮಾನರೇ ನಿರಾಕರಿಸಿದರು. ಆತುರದ ಬೆರಳು ತಪ್ಪು ಕಡೆಗೆ ತಿರುಗುತ್ತದೆಂಬುದನ್ನು ನಾವು ನಮ್ಮ ಅನುಭವದಿಂದಲೇ ಕಲಿಯಬೇಕು.

ಯುವಕನಿಗೆ ನಮ್ಮ ಉತ್ತರ

ಹಾಗಾದರೆ ಏನೆಂದು ಹೆಸರಿಡೋಣ? ಮೂರನ್ನು ಬೇರೆ ಬೇರೆಯಾಗಿ ನೋಡೋಣ ಎನ್ನುತ್ತೇವೆ.

ಮೊದಲನೆಯದು ಕೃತ್ಯ. ನಿರಾಯುಧರನ್ನು ಕೊಂದು ಉಳಿದವರನ್ನು ನಡುಗಿಸುವುದು ಭಯೋತ್ಪಾದನೆ. ಯಾರು ಮಾಡಿದರೂ, ಯಾವ ನೆಪ ಹೇಳಿದರೂ ಅದು ಪಾಪ. ಅದಕ್ಕೆ ಆದರೆ-ಹೋದರೆ ಇಲ್ಲ.

ಎರಡನೆಯದು ಸಿದ್ಧಾಂತ. ದೇವರ ಹೆಸರಿನಲ್ಲಿ ಕೊಲ್ಲುವುದನ್ನು ಕಲಿಸುವ ಜಿಹಾದಿ ಬೋಧನೆ ಇದೆ. ಅದು ಇಸ್ಲಾಮಿನ ಪದಗಳನ್ನೇ ಬಳಸುತ್ತದೆ. ಅದನ್ನು ಹೆಸರಿಟ್ಟು ಹೇಳುವುದು ದ್ವೇಷವಲ್ಲ. ಅದಕ್ಕೆ ಧರ್ಮದೊಳಗಿಂದಲೇ ಉತ್ತರ ಬರಬೇಕು, ಬರುತ್ತಲೂ ಇದೆ. 2007ರಲ್ಲಿ 138 ಮುಸ್ಲಿಂ ವಿದ್ವಾಂಸರು ಕ್ರೈಸ್ತ ನಾಯಕರಿಗೆ ಬರೆದ ಪತ್ರ, 2019ರ ಫೆಬ್ರುವರಿ 4ರಂದು ಅಬುಧಾಬಿಯಲ್ಲಿ ಜಗದ್ಗುರು ಫ್ರಾನ್ಸಿಸರೂ ಅಲ್-ಅಜ್ಹರ್‌ನ ಮಹಾ ಇಮಾಮರೂ ಸಹಿ ಹಾಕಿದ ದಸ್ತಾವೇಜು ಇದಕ್ಕೆ ಸಾಕ್ಷಿ. ನಾವೂ ಶಿಲುಬೆಯ ಹೆಸರಿನಲ್ಲಿ ನಡೆದ ಯುದ್ಧಗಳಿಗಾಗಿ, ಬಲಾತ್ಕಾರಗಳಿಗಾಗಿ ದೇವರ ಕ್ಷಮೆ ಬೇಡಿದವರಲ್ಲವೇ? 2000ದ ಮಾರ್ಚ್ 12ರಂದು ಜಗದ್ಗುರುಗಳು ಸಂತ ಪೇತ್ರರ ಮಹಾದೇವಾಲಯದಲ್ಲಿ ಇದನ್ನೇ ಮಾಡಿದರು. “ಅದಕ್ಕೂ ಧರ್ಮಕ್ಕೂ ಸಂಬಂಧವಿಲ್ಲ” ಎಂದು ಅಂದು ಅವರು ಜಾರಿಕೊಳ್ಳಲಿಲ್ಲ.

ಮೂರನೆಯದು ಜನ. ನಮ್ಮ ಓಣಿಯ ಮುಸ್ಲಿಂ ಕುಟುಂಬ ಈ ಸಿದ್ಧಾಂತದ ಒಡೆಯನಲ್ಲ, ಹಲವು ಕಡೆ ಅದರ ಮೊದಲ ಬಲಿ. ಎರಡನೆಯದರ ತಪ್ಪನ್ನು ಮೂರನೆಯವರ ತಲೆಗೆ ಕಟ್ಟಿದ ಕ್ಷಣ ನಾವು ಭಯೋತ್ಪಾದಕನ ಕೆಲಸವನ್ನೇ ಮುಂದುವರಿಸುತ್ತೇವೆ. ಎಲ್ಲರೂ ಒಬ್ಬರನ್ನೊಬ್ಬರು ಹೆದರಬೇಕೆಂಬುದೇ ಅವನ ಬಯಕೆ.

ಪ್ರಿಯರೇ, ಈ ಮೇ 8ರಂದು ಮನೆಯಲ್ಲಿ ಜಪಸರ ಪ್ರಾರ್ಥಿಸುವಾಗ ಹತ್ತೊಂಬತ್ತು ಧನ್ಯರ ಜೊತೆ ಇನ್ನೆರಡು ಹೆಸರುಗಳನ್ನೂ ಸೇರಿಸಿಕೊಳ್ಳಿ: ಬಾವಿಯ ಬಳಿ ಸತ್ತ ಕಾವಲುಗಾರ ಮೊಹಮ್ಮದ್, ಓರಾನ್‌ನ ಚಾಲಕ ಮೊಹಮ್ಮದ್. ಫೋನಿನಲ್ಲಿ ಬರುವ ದ್ವೇಷದ ಸಂದೇಶವನ್ನು ಮುಂದಕ್ಕೆ ಕಳುಹಿಸುವ ಮೊದಲು ಇದು ಸತ್ಯವೇ ಎಂದು ಕೇಳಿಕೊಳ್ಳಿ. ಪಕ್ಕದ ಮನೆಯ ರಂಜಾನ್ ಹಬ್ಬಕ್ಕೆ ಹೋಗಿ ಬನ್ನಿ. ನಮ್ಮ ಕ್ರಿಸ್ಮಸ್ ತಿಂಡಿಯ ತಟ್ಟೆಯೂ ಆ ಮನೆಗೆ ಹೋಗಲಿ. ನಾವು ಪರಸ್ಪರ ಬಲ್ಲವರಾದರೆ, ನಮ್ಮ ನಡುವೆ ತೋಳ ಬಂದಾಗ ಅದು ತೋಳವೆಂದು ಇಬ್ಬರೂ ಒಟ್ಟಿಗೆ ಗುರುತಿಸಬಲ್ಲೆವು.

ಒಳ್ಳೆಯ ಕುರಿಗಾಹಿಯಾದ ಪ್ರಭುವೇ, ಸತ್ಯವನ್ನು ಹೇಳುವ ಬಾಯನ್ನೂ, ದ್ವೇಷವಿಲ್ಲದ ಹೃದಯವನ್ನೂ ನಮಗೆ ಕೊಡು. ಅವರ ಆಯುಧವನ್ನು ತೆಗೆ. ಅದಕ್ಕೆ ಮೊದಲು ನಮ್ಮದನ್ನು ತೆಗೆ. ಅಲ್ಜೀರಿಯದ ಧನ್ಯ ಹುತಾತ್ಮರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.